ಮಾಲೀಕ ಮುಳುಗಿದರೆ ತಂಡ ಯಾಕೆ ಊರು ಬಿಡುತ್ತದೆ?

ಪ್ರಿಯ ಓದುಗರೇ,

ಅಮೆರಿಕದ ಅರಿಝೋನಾ ಕಯೋಟೀಸ್ ಐಸ್ ಹಾಕಿ ತಂಡ ಊರು ಬಿಟ್ಟದ್ದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ನೀವು ನಾಲ್ಕು ಪುಟದ ಪತ್ರ ಬರೆದಿದ್ದೀರಿ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಪತ್ರದಲ್ಲಿರುವ ಮಾತು ಎಲ್ಲರಿಗೂ ಬೇಕಾದದ್ದು. ಅದಕ್ಕೇ ಇಲ್ಲಿ ಉತ್ತರಿಸುತ್ತಿದ್ದೇನೆ.

"ಮಾಲೀಕನ ಕೈ ಖಾಲಿಯಾದರೆ ಅವನು ಹೋಗಲಿ, ತಂಡ ಯಾಕೆ ಹೋಗಬೇಕು?" ಎಂದು ಕೇಳಿದ್ದೀರಿ. ಹಾಗೆ ಕೇಳಿ, ಮುಂದಿನ ಸಾಲಿನಲ್ಲೇ ತೀರ್ಪನ್ನೂ ಕೊಟ್ಟಿದ್ದೀರಿ. ಜನ ಟಿಕೆಟ್ ಕೊಂಡು ಮೈದಾನ ತುಂಬಿಸಿದ್ದರೆ ತಂಡ ಉಳಿಯುತ್ತಿತ್ತು, ತಪ್ಪು ಆ ಊರಿನವರದ್ದೇ ಎನ್ನುತ್ತೀರಿ. ಕೊನೆಯಲ್ಲಿ, ತಂಡ ಹೋದ ಮೇಲೆ ಅಭಿಮಾನಿ ಏನು ಮಾಡಬೇಕು ಎಂದೂ ಕೇಳಿದ್ದೀರಿ.

ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಫುಟ್‌ಬಾಲ್ ತಂಡವನ್ನೇ ನೋಡಿ. ಅಮೆರಿಕದವರು ಆಡುವ ಫುಟ್‌ಬಾಲ್. ಅಲ್ಲಿ ಜನಕ್ಕೆ ಬರ ಇರಲಿಲ್ಲ. ಚಳಿಗಾಲದ ಗಾಳಿಯಲ್ಲೂ ಹತ್ತಾರು ಸಾವಿರ ಮಂದಿ ಬಂದು ಕೂರುತ್ತಿದ್ದರು. ಮಾಲೀಕ ಆರ್ಟ್ ಮೊಡೆಲ್ ಆ ಹಳೇ ಮೈದಾನವನ್ನು ನಗರದಿಂದ ಗುತ್ತಿಗೆಗೆ ಪಡೆದು ತಾನೇ ನಡೆಸುತ್ತಿದ್ದರು. ಬೇಸ್‌ಬಾಲ್ ತಂಡವೊಂದು ಅಲ್ಲೇ ಬಾಡಿಗೆಗಿತ್ತು. 1994ರಲ್ಲಿ ಅದು ಹೊಸ ಮೈದಾನಕ್ಕೆ ಹೋಯಿತು. ಅದರ ಬಾಡಿಗೆಯೂ ಹೋಯಿತು, ಅದರ ಆಟಗಳಿಂದ ಬರುತ್ತಿದ್ದ ಬೇರೆ ಆದಾಯವೂ ಹೋಯಿತು. ಸಾಲ ಮಾತ್ರ ಉಳಿಯಿತು. 1995ರ ನವೆಂಬರ್ 6ರಂದು ಮೊಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಘೋಷಿಸಿದರು. ಮರುದಿನವೇ ಕ್ಲೀವ್‌ಲ್ಯಾಂಡ್‌ನಲ್ಲಿ ಮತದಾನ ಇತ್ತು. ಮೈದಾನ ದುರಸ್ತಿಗೆ ತೆರಿಗೆ ಮುಂದುವರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಜನ ದೊಡ್ಡ ಬಹುಮತದಿಂದ "ಬೇಕು" ಎಂದರು. ಹಿಂದಿನ ದಿನ ತಂಡ ಹೋಗುವ ಸುದ್ದಿ ಕೇಳಿಯೂ ಹಾಗೆ ಮತ ಹಾಕಿದರು. ಇವರನ್ನು ಹೇಗೆ ದೂರುವುದು, ನೀವೇ ಹೇಳಿ.

ಹಾಗಾದರೆ ತಂಡ ಹೋಗುವುದು ಯಾಕೆ? ಮಾಲೀಕನ ಹತ್ತಿರ ನಿಜವಾಗಿ ಇರುವುದು ಏನು ಎಂದು ನೋಡಿದರೆ ಗೊತ್ತಾಗುತ್ತದೆ. ಮೈದಾನ ಎಷ್ಟೋ ಕಡೆ ನಗರದ್ದು. ಆಟಗಾರರು ಕರಾರಿನ ಮೇಲೆ ಇರುವವರು. ಅಭಿಮಾನ ಊರಿನದ್ದು. ಮಾಲೀಕ ದುಡ್ಡು ಕೊಟ್ಟು ಕೊಂಡಿರುವುದು ಲೀಗ್‌ನಲ್ಲಿ ಒಂದು ಜಾಗ, ಅಷ್ಟೇ. ಆ ಜಾಗಕ್ಕೆ ಬೇರಿಲ್ಲ. ಲೀಗ್ ಒಪ್ಪಿದರೆ ಅದನ್ನು ಎತ್ತಿಕೊಂಡು ಹೋಗಿ ಯಾವ ಊರಿನಲ್ಲಾದರೂ ಇಡಬಹುದು. ಟಿವಿ ಹಕ್ಕಿನ ಪಾಲು ಬರುವುದೂ ಆ ಜಾಗಕ್ಕೇ.

ಇಂಥ ಲೀಗ್‌ಗಳಿಗೆ ಬಾಗಿಲು ಹಾಕಿರುತ್ತದೆ. ಕೆಳಗಿನ ದರ್ಜೆಯಲ್ಲಿ ಗೆದ್ದು ಮೇಲೆ ಬರುವ ದಾರಿ ಇಲ್ಲ. ಹೊಸ ತಂಡ ಬೇಕೆಂದರೆ ಲೀಗ್ ಕೇಳಿದಷ್ಟು ಕೊಡಬೇಕು. ಇಲ್ಲವೇ ಇನ್ನೊಂದು ಊರಿನ ತಂಡ ಕಷ್ಟಕ್ಕೆ ಸಿಕ್ಕಾಗ ಅದನ್ನು ಕೊಳ್ಳಬೇಕು. ತಂಡ ಇಲ್ಲದ, ಆದರೆ ದುಡ್ಡಿರುವ ಊರುಗಳು ಕಾಯುತ್ತಲೇ ಇರುತ್ತವೆ. ಮಾಲೀಕನಿಗೆ ಮುಗ್ಗಟ್ಟು ಬಂದ ದಿನ ಅವರ ಫೋನ್ ಬರುತ್ತದೆ.

ಕಯೋಟೀಸ್ ಕತೆಯಲ್ಲಿ ಇದೆಲ್ಲ ಎದ್ದು ಕಾಣುತ್ತದೆ. ಲೇಖನದಲ್ಲಿ ಜಾಗ ಸಾಲದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಆ ತಂಡವೇ ಮೊದಲು ಇನ್ನೊಂದು ಊರಿನದ್ದು. ಕೆನಡಾದ ವಿನ್ನಿಪೆಗ್‌ನಿಂದ 1996ರಲ್ಲಿ ಅರಿಝೋನಾ ರಾಜ್ಯದ ಫೀನಿಕ್ಸ್‌ಗೆ ಬಂತು. ಪಕ್ಕದ ಗ್ಲೆಂಡೇಲ್ ಎಂಬ ಪುಟ್ಟ ನಗರ ಸುಮಾರು 18 ಕೋಟಿ ಡಾಲರ್ ಹಾಕಿ ಹೊಸ ಕ್ರೀಡಾಂಗಣ ಕಟ್ಟಿತು. 2003ರ ಕೊನೆಗೆ ತಂಡ ಅಲ್ಲಿಗೆ ಹೋಯಿತು. ಆದರೂ ವರ್ಷವರ್ಷ ನಷ್ಟ. 2009ರ ಮೇ ತಿಂಗಳಲ್ಲಿ ಮಾಲೀಕ ಜೆರ್ರಿ ಮೋಯೆಸ್ ದಿವಾಳಿ ಅರ್ಜಿ ಹಾಕಿದರು. ಅರ್ಜಿಯ ಜೊತೆಗೇ ಗಿರಾಕಿಯನ್ನೂ ತಂದಿದ್ದರು. ಬ್ಲ್ಯಾಕ್‌ಬೆರಿ ಫೋನ್ ಕಂಪನಿಯ ಜಿಮ್ ಬಾಲ್ಸಿಲೀ 21.25 ಕೋಟಿ ಡಾಲರ್ ಕೊಡಲು ಸಿದ್ಧರಿದ್ದರು. ತಂಡವನ್ನು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯಬೇಕು ಎಂಬುದು ಅವರ ಷರತ್ತು.

ಸಾಲ ಕೊಟ್ಟವರಿಗೆ ಜಾಸ್ತಿ ದುಡ್ಡು ಸಿಗುವುದು ಮುಖ್ಯವೋ, ತಂಡ ಯಾರ ಕೈಯಲ್ಲಿ, ಯಾವ ಊರಲ್ಲಿ ಇರಬೇಕು ಎಂದು ತೀರ್ಮಾನಿಸುವ ಲೀಗ್‌ನ ಹಕ್ಕು ಮುಖ್ಯವೋ? ಅಷ್ಟು ವರ್ಷ ಗಾಳಿಯಲ್ಲಿದ್ದ ಈ ಪ್ರಶ್ನೆ ಆಗ ನ್ಯಾಯಾಧೀಶರ ಮೇಜಿನ ಮೇಲೆ ಬಂತು. ನ್ಯಾಯಾಲಯ ಬಾಲ್ಸಿಲೀ ಅವರನ್ನು ಒಪ್ಪಲಿಲ್ಲ. ದಿವಾಳಿ ಕಾನೂನಿನ ಹಿಂಬಾಗಿಲಿನಿಂದ ಲೀಗ್‌ನ ಒಳಗೆ ಬರಲು ಆಗುವುದಿಲ್ಲ ಎಂಬುದು ಅಂದಿನ ತೀರ್ಪಿನ ತಿರುಳು. ಕೊನೆಗೆ ಲೀಗೇ 14 ಕೋಟಿ ಡಾಲರ್‌ಗೆ ತಂಡವನ್ನು ಕೊಂಡುಕೊಂಡಿತು. ಮಾಲೀಕ ಹೋದರೂ ತಂಡ ಉಳಿಯಬಹುದು, ಅದಕ್ಕೆ ಲೀಗ್ ಮನಸ್ಸು ಮಾಡಬೇಕು. ನಿಮ್ಮ ಮೊದಲ ಪ್ರಶ್ನೆಗೆ ಇದು ಅರ್ಧ ಉತ್ತರ.

ಇನ್ನರ್ಧ ನೋವಿನದ್ದು. ಲೀಗ್ ತಂಡವನ್ನು ಉಳಿಸಿಕೊಂಡದ್ದು ತನ್ನ ದುಡ್ಡಿನಿಂದ ಮಾತ್ರ ಅಲ್ಲ. ಹೊಸ ಮಾಲೀಕ ಸಿಗುವವರೆಗೆ ನಷ್ಟ ತುಂಬಲು ಗ್ಲೆಂಡೇಲ್ ನಗರ ಎರಡು ಸಲ, ಸಲಕ್ಕೆ 2.5 ಕೋಟಿ ಡಾಲರ್‌ನಂತೆ ಕಟ್ಟಿತು. ನೀರು, ರಸ್ತೆ, ಪೊಲೀಸ್, ಲೈಬ್ರರಿ ಎಂದು ಇಟ್ಟುಕೊಂಡಿರುವ ನಗರದ ಖಜಾನೆ ಅದು. ಕಟ್ಟಿದ ಕ್ರೀಡಾಂಗಣ ಖಾಲಿ ಬೀಳಬಾರದು ಎಂಬ ಭಯಕ್ಕೆ ಮತ್ತೆ ಮತ್ತೆ ಕೊಟ್ಟರು. 2013ರಲ್ಲಿ ಹೊಸ ಮಾಲೀಕರು ಬಂದರು, ಹೊಸ ಕರಾರಾಯಿತು. 2015ರಲ್ಲಿ ನಗರಸಭೆ ಆ ಕರಾರು ರದ್ದು ಮಾಡಲು ಮತ ಹಾಕಿತು. ಆಮೇಲೆ ವರ್ಷದಿಂದ ವರ್ಷಕ್ಕೆ ಕರಾರು ಮುಂದೂಡುವ ಆಟ. 2021ರಲ್ಲಿ ನಗರ "ಇನ್ನು ಸಾಕು" ಎಂದಿತು. ಅವರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ.

ಮುಂದೆ ನಡೆದದ್ದು ದೊಡ್ಡ ಲೀಗ್‌ಗಳಲ್ಲಿ ಅಪರೂಪ. ತಂಡ ಯೂನಿವರ್ಸಿಟಿಯ ಕ್ರೀಡಾಂಗಣವೊಂದಕ್ಕೆ ಬಂತು. ಅಲ್ಲಿ ಇದ್ದದ್ದು ಸುಮಾರು 4,600 ಸೀಟು. ಜಗತ್ತಿನ ಅತಿ ದೊಡ್ಡ ಹಾಕಿ ಲೀಗ್‌ನ ತಂಡ ಎರಡು ಸೀಸನ್ ಅಲ್ಲೇ ಆಡಿತು. ಫೀನಿಕ್ಸ್ ಪಕ್ಕದ ಟೆಂಪಿ ನಗರದ ಹಳೇ ಕಸದ ಗುಡ್ಡೆಯ ಜಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು 2023ರ ಮೇ ತಿಂಗಳಲ್ಲಿ ಜನರ ಮುಂದೆ ಇಟ್ಟರು. ಜನ ಬೇಡ ಎಂದರು. 2024ರ ಏಪ್ರಿಲ್ 17ರಂದು ಕೊನೆಯ ಪಂದ್ಯ. ಎಡ್ಮಂಟನ್ ವಿರುದ್ಧ 5-2ರಲ್ಲಿ ಗೆದ್ದರು. ಮರುದಿನ ಲೀಗ್ ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟಿತು, ಆಟಗಾರರು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋದರು. ಆ ವ್ಯವಹಾರದ ಮೊತ್ತ 120 ಕೋಟಿ ಡಾಲರ್.

ಈ ಅಂಕಿಯ ಮೇಲೆ ಒಂದು ನಿಮಿಷ ನಿಲ್ಲಬೇಕು. 14 ಕೋಟಿಗೆ ಹೋದ ತಂಡ ಹದಿನೈದು ವರ್ಷದಲ್ಲಿ 120 ಕೋಟಿ ಆಯಿತು. ಈ ನಡುವೆ ಕ್ರೀಡಾಂಗಣ ಕಳೆದುಕೊಂಡಿತು, ಮಾಲೀಕರು ಬದಲಾದರು, ನಷ್ಟದ ಮಾತು ನಿಲ್ಲಲೇ ಇಲ್ಲ. ಬೆಲೆ ಏರಿದ್ದು ಆಟದಿಂದ ಅಲ್ಲ, ಆ ಬಾಗಿಲು ಹಾಕಿದ ಲೀಗ್‌ನಲ್ಲಿ ಜಾಗ ಕಮ್ಮಿ ಇರುವುದರಿಂದ. ಮಾಲೀಕರು ನಷ್ಟ ಎಂದಾಗ ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೈಗೆ ಬರುವ ಹಣ ಸಾಲದೆ ಸಂಬಳ ಕೊಡಲು ಒದ್ದಾಡುವುದು ನಿಜವೇ. ಆದರೆ ಅದೇ ಹೊತ್ತಿಗೆ ಆಸ್ತಿ ಬೆಳೆಯುತ್ತಿರುತ್ತದೆ. ನಗರಸಭೆಯ ಮುಂದೆ ಕೂತಾಗ ಮಾಲೀಕರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಎರಡನೆಯದನ್ನು ಕೇಳಬೇಕಾದವರು ಊರಿನವರು.

ಇನ್ನು "ಊರು ಬಿಡುತ್ತೇವೆ" ಎಂಬ ಮಾತು. ಅದು ಯಾವಾಗಲೂ ನಿಜವಲ್ಲ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎಂಬ ಹಾಕಿ ತಂಡ 1998ರಲ್ಲಿ ದಿವಾಳಿಯಾಯಿತು. ಆ ತಂಡ ಅತಿ ಹೆಚ್ಚು ಬಾಕಿ ಉಳಿಸಿಕೊಂಡವರಲ್ಲಿ ಒಬ್ಬರು ಅದರ ದೊಡ್ಡ ಆಟಗಾರ ಮಾರಿಯೋ ಲೆಮ್ಯೂ. ಅವರಿಗೆ ಬರಬೇಕಿದ್ದ ಸಂಬಳ 3 ಕೋಟಿ ಡಾಲರ್‌ಗಿಂತ ಮೇಲಿತ್ತು. ಅವರು ಅದರ ದೊಡ್ಡ ಪಾಲನ್ನು ಷೇರಾಗಿ ಬದಲಿಸಿಕೊಂಡು, ಜೊತೆಗಾರರನ್ನು ಕೂಡಿಸಿಕೊಂಡು 1999ರಲ್ಲಿ ತಂಡವನ್ನೇ ಕೊಂಡರು. ತಂಡ ಊರಲ್ಲೇ ಉಳಿಯಿತು. ಓದಿದಾಗಲೆಲ್ಲ ಮನಸ್ಸು ತುಂಬುವ ಸಂಗತಿ ಇದು. ಆದರೆ ಅದೇ ಲೆಮ್ಯೂ 2007ರಲ್ಲಿ, ಹಳೇ ಕ್ರೀಡಾಂಗಣದ ಕರಾರು ಮುಗಿಯುವ ಹೊತ್ತಿಗೆ, ಕಾನ್ಸಾಸ್ ಸಿಟಿಗೆ ಹೋಗಿ ಹೊಸ ಕ್ರೀಡಾಂಗಣ ನೋಡಿ ಬಂದರು. ಪಿಟ್ಸ್‌ಬರ್ಗ್ ಜನ ತಲ್ಲಣಿಸಿದರು. ಆ ಮಾರ್ಚ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ ಒಪ್ಪಂದವಾಯಿತು. ಮರುವರ್ಷ ಲೆಮ್ಯೂ ಅವರೇ ಹೇಳಿದರು, ಊರು ಬಿಡುವ ಯೋಚನೆ ಇರಲೇ ಇಲ್ಲ, ಆ ಓಡಾಟವೆಲ್ಲ ಒತ್ತಡ ಹಾಕಲು ಎಂದು. ಊರಿನ ಮೇಲೆ ಅಷ್ಟು ಪ್ರೀತಿ ಇದ್ದವರೂ ಈ ಅಸ್ತ್ರ ಹಿಡಿದರು ಎಂದ ಮೇಲೆ, ಪ್ರೀತಿ ಇಲ್ಲದ ಮಾಲೀಕರು ಬಿಡುತ್ತಾರೆಯೇ?

ಹಾಗಾಗಿ ಊರಿನ ಕೈಯಲ್ಲಿರುವ ಗಟ್ಟಿ ಹಗ್ಗ ಮೈದಾನದ ಕರಾರು ಒಂದೇ. ಸಿಯಾಟಲ್‌ನ ಸೂಪರ್‌ಸಾನಿಕ್ಸ್ ಬಾಸ್ಕೆಟ್‌ಬಾಲ್ ತಂಡಕ್ಕೆ 2010ರವರೆಗೆ ಕರಾರಿತ್ತು. 2008ರಲ್ಲೇ ಒಕ್ಲಹೋಮಾ ಸಿಟಿಗೆ ಹೊರಟಾಗ ನಗರ ಕೋರ್ಟಿಗೆ ಹೋಯಿತು. 4.5 ಕೋಟಿ ಡಾಲರ್‌ಗೆ ರಾಜಿಯಾಯಿತು. ತಂಡದ ಹೆಸರು, ಬಣ್ಣ ಸಿಯಾಟಲ್‌ಗೇ ಉಳಿದವು, ತಂಡ ಹೋಯಿತು. ಕ್ಲೀವ್‌ಲ್ಯಾಂಡ್ ಇನ್ನೂ ಗಟ್ಟಿಯಾಗಿ ಹಿಡಿಯಿತು. ಬ್ರೌನ್ಸ್ ಕರಾರು 1998ರವರೆಗೆ ಇತ್ತು. ಅದನ್ನೇ ಹಿಡಿದು ಜಗ್ಗಿ ಹೆಸರು, ಬಣ್ಣ, ಹಳೇ ದಾಖಲೆ ಎಲ್ಲ ಉಳಿಸಿಕೊಂಡಿತು. ಜೊತೆಗೆ 1999ಕ್ಕೆ ಹೊಸ ತಂಡ ಕೊಡುವ ಮಾತನ್ನೂ ಲೀಗ್‌ನಿಂದ ಪಡೆಯಿತು. ಇವೆಲ್ಲ ತಂಡ ಗೆಲ್ಲುತ್ತಿರುವಾಗ, ಮಾಲೀಕ ನಗುತ್ತಿರುವಾಗ ಬರೆಸಿಕೊಳ್ಳಬೇಕಾದ ಷರತ್ತುಗಳು. ಲಾರಿ ಬಂದು ನಿಂತ ಮೇಲೆ ಬರೆಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಗ್ಗವೇ ಬೇಡದ ಊರೂ ಒಂದಿದೆ, ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ. ಅಲ್ಲಿನ ಪ್ಯಾಕರ್ಸ್ ಫುಟ್‌ಬಾಲ್ ತಂಡ 1923ರಿಂದ ಜನರ ಷೇರಿನ ಮೇಲೆ ನಡೆಯುತ್ತಿದೆ. ಷೇರಿಗೆ ಲಾಭಾಂಶ ಇಲ್ಲ. ತಂಡ ಮಾರಿದರೆ ಬರುವ ಹಣ ದಾನಕ್ಕೆ ಹೋಗಬೇಕು, ಷೇರುದಾರರಿಗೆ ಬಿಡಿಗಾಸೂ ಇಲ್ಲ. ಮಾರಿ ಯಾರಿಗೂ ಲಾಭವಿಲ್ಲದ್ದರಿಂದ ಯಾರೂ ಮಾರುವುದಿಲ್ಲ. ಎಲ್ಲರೂ ಹೀಗೆ ಯಾಕೆ ಮಾಡಬಾರದು ಎಂದು ನೀವು ಕೇಳುತ್ತೀರಿ, ಗೊತ್ತು. ಆ ಲೀಗ್ ಈಗ ಹೊಸದಾಗಿ ಇಂಥ ಮಾಲೀಕತ್ವಕ್ಕೆ ಅವಕಾಶ ಕೊಡುವುದಿಲ್ಲ. ಇದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ.

ನಿಮ್ಮ ಕೊನೆಯ ಪ್ರಶ್ನೆ, ತಂಡ ಹೋದ ಮೇಲೆ ಅಭಿಮಾನಿ ಏನು ಮಾಡಬೇಕು ಎಂಬುದು. ಇಂಗ್ಲೆಂಡ್‌ನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ಕೆಲವೇ ವಾರಗಳಲ್ಲಿ ತಮ್ಮದೇ ಕ್ಲಬ್ ಕಟ್ಟಿದರು. ಊರಿನ ಬಯಲಲ್ಲಿ ಆಟಗಾರರ ಆಯ್ಕೆ ನಡೆಸಿದರು. ತೀರಾ ಕೆಳಗಿನ ದರ್ಜೆಯಿಂದ ಶುರು ಮಾಡಿ 2011ಕ್ಕೆ ಮತ್ತೆ ವೃತ್ತಿಪರ ಲೀಗ್‌ಗೆ ಏರಿದರು. 2020ರಲ್ಲಿ ತಮ್ಮ ಹಳೇ ಬೀದಿ ಪ್ಲೋ ಲೇನ್‌ಗೇ ಹಿಂದಿರುಗಿದರು. ಅಲ್ಲಿ ಲೀಗ್‌ನ ಬಾಗಿಲು ತೆರೆದಿತ್ತು, ಅದರಿಂದ ಸಾಧ್ಯವಾಯಿತು.

ಬಾಗಿಲು ಮುಚ್ಚಿದ್ದ ಕಡೆ? ಅದಕ್ಕೆ ಬಾಲ್ಟಿಮೋರ್‌ಗೆ ಬರಬೇಕು. 1984ರ ಮಾರ್ಚ್ 28ರ ರಾತ್ರಿ, ಮಂಜು ಸುರಿಯುತ್ತಿರುವಾಗ, ಕೋಲ್ಟ್ಸ್ ಫುಟ್‌ಬಾಲ್ ತಂಡದ ಕಚೇರಿ ಮುಂದೆ ಸಾಮಾನು ಸಾಗಿಸುವ ಲಾರಿಗಳು ಸಾಲಾಗಿ ನಿಂತವು. ತಂಡವನ್ನು ವಶಪಡಿಸಿಕೊಳ್ಳಲು ಸರ್ಕಾರ ಕಾನೂನು ತರುತ್ತಿದೆ ಎಂದು ಮಾಲೀಕನಿಗೆ ಗೊತ್ತಾಗಿತ್ತು. ಹೆಲ್ಮೆಟ್, ಬಟ್ಟೆ, ಕುರ್ಚಿ, ಕಾಗದಪತ್ರ ಎಲ್ಲ ಲಾರಿಗೆ ಬಿದ್ದವು. ಬೆಳಗಾಗುವಷ್ಟರಲ್ಲಿ ಕಟ್ಟಡ ಖಾಲಿ. ತಂಡ ಇಂಡಿಯಾನಾಪೊಲಿಸ್ ದಾರಿಯಲ್ಲಿತ್ತು.

ತಂಡಕ್ಕೆ ಅಭಿಮಾನಿಗಳದೇ ಬ್ಯಾಂಡ್ ಮೇಳ ಇತ್ತು. ಮೇಳದವರ ಸಮವಸ್ತ್ರ ಆ ರಾತ್ರಿ ಡ್ರೈ ಕ್ಲೀನಿಂಗ್‌ಗೆ ಹೋಗಿತ್ತು. ಅದೊಂದು ಉಳಿಯಿತು. ಯಾರೂ ಬಂದು ಕೇಳಬಾರದು ಎಂದು ಸ್ಮಶಾನದಲ್ಲಿ ಬಚ್ಚಿಟ್ಟರು. ಆಮೇಲೆ ಅದನ್ನೇ ತೊಟ್ಟು, ತಂಡವೇ ಇಲ್ಲದೆ, ಹನ್ನೆರಡು ವರ್ಷ ಮೆರವಣಿಗೆಗಳಲ್ಲಿ, ಬೇರೆ ಊರಿನ ಪಂದ್ಯಗಳ ವಿರಾಮದಲ್ಲಿ ನುಡಿಸಿದರು. ಹೊಸ ಮೈದಾನ ಬೇಕೆಂದು ಶಾಸಕರ ಸಭೆಯ ಮುಂದೆಯೂ ನುಡಿಸಿದರು.

1996ರಲ್ಲಿ ಬಾಲ್ಟಿಮೋರ್‌ಗೆ ಮತ್ತೆ ತಂಡ ಬಂತು. ಮೇಳದವರು ಮೈದಾನಕ್ಕೆ ಇಳಿದು ನುಡಿಸಿದರು. ಆ ತಂಡ ಬಂದದ್ದು ಕ್ಲೀವ್‌ಲ್ಯಾಂಡ್‌ನಿಂದ.

ಸಂಪಾದಕ