ಹೈಡ್ರೋಜನ್ ಕೂಡಿಡುವ ಸೋಡಿಯಂ ಅಲನೇಟ್ ಪುಡಿಗೆ ಟೈಟಾನಿಯಂ ಕ್ಯಾಟಲಿಸ್ಟ್ (ವೇಗವರ್ಧಕ) ಹೆಚ್ಚು ಹಾಕಿದಷ್ಟೂ ಒಳ್ಳೆಯದೇ?

ಅಲ್ಲ. ಮೋಲ್ ಲೆಕ್ಕದಲ್ಲಿ (ತೂಕವಲ್ಲ, ಕಣಗಳ ಎಣಿಕೆ) ಶೇ. 2 ಸಾಕು, 4 ದಾಟಬೇಡಿ. ಕ್ಯಾಟಲಿಸ್ಟಾಗಿ ಹಾಕುವ ಒಂದು ಮೋಲ್ ಟೈಟಾನಿಯಂ ಟ್ರೈಕ್ಲೋರೈಡ್ ಮೂರು ಮೋಲ್ ಅಲನೇಟನ್ನು ನುಂಗಿ ಅಡುಗೆ ಉಪ್ಪು, ಅಲ್ಯೂಮಿನಿಯಂ ಮಾಡಿಬಿಡುತ್ತದೆ. ಶೇ. 4 ಬೆರೆಸಿದಿರೋ, ಶೇ. 12 ಸರಕು ಶುರುವಿನಲ್ಲೇ ಖೋತಾ. ಅಲನೇಟ್ ಬಿಸಿ ಮಾಡಿದಾಗ ಎರಡು ಹಂತಗಳಲ್ಲಿ ಸಿಗಬೇಕಾದ ಶೇ. 5.6 ತೂಕದ ಹೈಡ್ರೋಜನ್‌ಗೆ ಅಷ್ಟು ಕತ್ತರಿ. ಮೇಲೆ ಉಪ್ಪಿನ ದಂಡದ ಭಾರ ಬೇರೆ.

ಆರ್ಗಾನ್ ಗ್ಲವ್ ಬಾಕ್ಸ್‌ನಲ್ಲೇ (ಗಾಳಿ ಬದಲು ಆರ್ಗಾನ್ ಅನಿಲ ತುಂಬಿದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ತೂಗಿ, ಗುಂಡುಗಳಿಂದ ಅರೆಯುವ ಮುಚ್ಚಿದ ಬಾಲ್ ಮಿಲ್ ಜಾಡಿಯಲ್ಲಿ ಅರೆಯಿರಿ. ಅರೆಯುವಾಗಲೇ ಹೈಡ್ರೋಜನ್ ಬಿಡುಗಡೆಯಾಗಿ ಒಳಗೆ ಒತ್ತಡ ಏರಿರುತ್ತದೆ. ಮುಚ್ಚಳವನ್ನು ಗ್ಲವ್ ಬಾಕ್ಸ್‌ನೊಳಗೇ ನಿಧಾನವಾಗಿ ಸಡಿಲಿಸಿ. ಈ ಪುಡಿ ಗಾಳಿ ತಾಕಿದರೆ ಹೊತ್ತಿಕೊಳ್ಳಬಹುದು.

ಹಲವರು ಎಡವುವುದು ಇಲ್ಲಿ: ಕ್ಯಾಟಲಿಸ್ಟ್ ವೇಗ ಹೆಚ್ಚಿಸುತ್ತದೆಯೇ ಹೊರತು ಸಮತೋಲನ ಒತ್ತಡವನ್ನು (ಆಯಾ ಉಷ್ಣತೆಯಲ್ಲಿ ಹೈಡ್ರೋಜನ್ ಬಿಡುವುದೂ ಹೀರುವುದೂ ಸರಿಸಮವಾಗುವ ಒತ್ತಡ) ಬದಲಿಸುವುದಿಲ್ಲ. ಹೈಡ್ರೋಜನ್ ಬಿಡುವ ಎರಡನೇ ಹಂತಕ್ಕೆ 1 ಬಾರ್‌ ಒತ್ತಡದಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್ ಬೇಕೇ ಬೇಕು.