ಶೀಟಿನ ಮೇಲೆ ಮಳೆ ಬೀಳುವಾಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹೆತ್ತವರು ಒಪ್ಪಿದ್ದಾರೆ, ಹುಡುಗಿಯನ್ನೂ ಕೇಳಿದ್ದೇನೆ.)

ಹನ್ನೊಂದು ವರ್ಷದ ಹುಡುಗಿ, ಆರನೇ ತರಗತಿ. ತಂದೆ ಗೋಣಿಕೊಪ್ಪದ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಜೂನ್ ಬಂತೆಂದರೆ ಅವಳಿಗೆ ಬೆಳಗ್ಗೆ ಹೊಟ್ಟೆನೋವು. ಮಳೆ ರಜೆ ಸಿಕ್ಕ ದಿನ ನೋವು ಮಾಯ. "ಬರೀ ಸೋಮಾರಿತನ ಮೇಡಂ" ಎಂದರು, ಸಲಹೆಗೆಂದು ಅವಳನ್ನು ನನ್ನ ಬಳಿ ಕರೆತಂದ ತಾಯಿ.

ಹುಡುಗಿಯ ಎರಡೂ ಕಿವಿಗೆ ಶ್ರವಣಸಾಧನವಿತ್ತು. ಅದು ಕಾಣದಂತೆ ಕೂದಲನ್ನು ಮುಂದಕ್ಕೆಳೆದು ಜಡೆ ಹಾಕಿದ್ದರು. ನಾನು ಹೆಸರು ಕೇಳಿದೆ, ತಾಯಿ ಹೇಳಿದರು. ಯಾವ ಪಾಠ ಇಷ್ಟ ಎಂದೆ, ಅದನ್ನೂ ತಾಯಿಯೇ ಹೇಳಿದರು. ಮೂರನೇ ಪ್ರಶ್ನೆಗೆ ಮೊದಲು ಅವರನ್ನು ಹೊರಗೆ ಕಾಫಿ ಕುಡಿಯಲು ಕಳುಹಿಸಿದೆ.

ಆಮೇಲೆ ತಿಳಿಯಿತು. ತರಗತಿಗೆ ಶೀಟಿನ ಮಾಡು. ಮಳೆ ಜೋರಾದರೆ ಸಾಧನವು ಮೇಷ್ಟರ ದನಿಯ ಜೊತೆಗೆ ಮಳೆಯನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ತುಟಿ ನೋಡಿಯಾದರೂ ತಿಳಿಯೋಣವೆಂದರೆ ಮೇಷ್ಟರ ಮುಖ ಬೋರ್ಡಿನ ಕಡೆ. ಎತ್ತರದವಳೆಂದು ಇವಳಿಗೆ ಕೊನೆಯ ಬೆಂಚು.

"ಯಾರಿಗೂ ಹೇಳಲಿಲ್ಲವೇ?"

"ಅಮ್ಮ ಹೇಳಿರುತ್ತಾರೆ ಅಂದುಕೊಂಡೆ."

ಅಮ್ಮನಿಗೆ ಗೊತ್ತೇ ಇರಲಿಲ್ಲ.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಮಲಾಲಾ ಯೂಸುಫ್‌ಝೈಯ ಚಿತ್ರ ತೋರಿಸಿ, 2014ರಲ್ಲಿ ಹದಿನೇಳನೇ ವಯಸ್ಸಿಗೆ ನೊಬೆಲ್ ಬಂದ ಕಥೆ ಹೇಳಿದೆ. ಹುಡುಗಿ ಸುಮ್ಮನೆ ಕೇಳಿ, "ನನಗೆ ಎರಡನೇ ಬೆಂಚು ಸಿಕ್ಕಿದರೆ ಸಾಕು" ಎಂದಳು. ಮಕ್ಕಳ ಮುಂದೆ ಶಿಖರವನ್ನೇ ನಿಲ್ಲಿಸಿ ಹತ್ತು ಎನ್ನುವುದು ನಮ್ಮಂಥ ದೊಡ್ಡವರ ಚಟ. ನಾನು ಹೇಳಬೇಕಿದ್ದುದು ಬೇರೆಯೇ ಇತ್ತು: ಗುಂಡೇಟಿನಿಂದ ಮಲಾಲಾಳ ಎಡಗಿವಿ ಕೇಳಿಸದಾಗಿತ್ತು, 2013ರ ಫೆಬ್ರವರಿಯಲ್ಲಿ ಆ ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣಸಾಧನ ಹಾಕಿದರು, ಅದೇ ಜುಲೈಯಲ್ಲಿ ಅವಳು ವಿಶ್ವಸಂಸ್ಥೆಯಲ್ಲಿ ಮಾತನಾಡಿದಳು. ಆಮೇಲೆ ಇದನ್ನು ಹೇಳಿದಾಗ ಹುಡುಗಿಯ ಕೈ ತಾನಾಗಿ ಕೂದಲಿನೊಳಗೆ ಹೋಗಿ ಸಾಧನವನ್ನು ಮುಟ್ಟಿಕೊಂಡಿತು. "ಅವಳದ್ದೂ ಮಳೆಗೆ ಒದ್ದೆಯಾದರೆ ಕೆಡುತ್ತದೆಯಾ?" ಎಂದು ಕೇಳಿದಳು.

ಗ್ರೆಟಾ ಥುನ್‌ಬರ್ಗ್‌ಳ ಮೊದಲ ದಿನದ ಕಥೆಯನ್ನೂ ಹೇಳಿದೆ. 2018ರ ಆಗಸ್ಟ್, ಅಂದರೆ ನಮ್ಮ ಕೊಡಗಿನ ಗುಡ್ಡಗಳು ಕುಸಿದ ಅದೇ ತಿಂಗಳು, ಹದಿನೈದರ ಹುಡುಗಿ ಒಂದು ಬೋರ್ಡು ಹಿಡಿದು ಸ್ವೀಡನ್ ಸಂಸತ್ತಿನ ಹೊರಗೆ ಒಬ್ಬಳೇ ಕೂತಿದ್ದಳು. "ಬೋರ್ಡಿನಲ್ಲಿ ಎಷ್ಟು ಸಾಲು ಇತ್ತು?" ಮೂರೇ ಪದದ ಒಂದು ಮಾತು ಎಂದೆ: ಹವಾಮಾನಕ್ಕಾಗಿ ಶಾಲಾ ಮುಷ್ಕರ.

ನಾವೂ ಒಂದು ಸಾಲು ಬರೆಯಲು ಕೂತೆವು. ನಾಲ್ಕು ಸಲ ಹೊಡೆದು ಹಾಕಿದಳು. "ದಯವಿಟ್ಟು ಕ್ಷಮಿಸಿ" ಎಂದು ಶುರುವಾಗಿದ್ದುದನ್ನು ತೆಗೆಯೋಣವೇ ಎಂದು ಕೇಳಿದ್ದಷ್ಟೇ ನನ್ನ ಪಾಲು. ಉಳಿದದ್ದು: "ಮಳೆ ಬಂದಾಗ ನನಗೆ ಕೇಳಿಸುವುದಿಲ್ಲ. ನನ್ನ ಕಡೆ ನೋಡಿ ಹೇಳಿ ಸರ್." ಎರಡು ಸಾಲಾಯಿತು, ಇರಲಿ.

ತಾಯಿಗೆ ಕೊಟ್ಟ ಸಲಹೆ: ಯಾರಾದರೂ ಮಗಳನ್ನು ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅವಳೇ ಕೇಳಿಕೊಂಡರೆ ಮಾತ್ರ ಬಾಯಿ ಹಾಕಿ. ಜಡೆ ಹೇಗಿರಬೇಕೆಂದು ಅವಳೇ ಹೇಳಲಿ. ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದ ತೇವ ಅದರ ಶತ್ರು. ಇದು ಸಲೀಸು. ಹತ್ತು ಎಣಿಸುವುದೇ ಅವರಿಗೆ ಕಷ್ಟವಾಯಿತು, ಮೂರಕ್ಕೇ ತುಟಿ ಅಲುಗುತ್ತಿತ್ತು.

ಅವಳು ಆ ಸಾಲುಗಳನ್ನು ಹೇಳುವ ದಿನ ಶಾಲೆಗೆ ನಾನೂ ಹೋದೆ, ಮಾತನಾಡಲು ಅಲ್ಲ. ಮಗು ಹೇಳಿದ್ದನ್ನು ಕೇಳಿಸಿಕೊಳ್ಳಲು ದೊಡ್ಡವರು ಸಿದ್ಧರಿಲ್ಲದಿದ್ದರೆ ಅವಳನ್ನು ಮುಂದೆ ತಳ್ಳುವುದು ಅನ್ಯಾಯ. ಹಾಗಾಗಿ ಮೊದಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಹೊಣೆ, ಉಪಕಾರವಲ್ಲ. ಬೆಂಚು ಬದಲಾಯಿತು. ಮಳೆ ಜೋರಾದಾಗ ಮುಖ್ಯಾಂಶಗಳನ್ನು ಬೋರ್ಡಿನಲ್ಲಿ ಬರೆಯುವುದೆಂದೂ ಆಯಿತು.

ಸೆಪ್ಟೆಂಬರಿನಲ್ಲಿ ಮೇಷ್ಟರು ಫೋನ್ ಮಾಡಿದರು. "ಈಗ ಪಾಠದ ಮಧ್ಯೆ ನಾಲ್ಕು ಸಲ ನಿಲ್ಲಿಸುತ್ತಾಳೆ ಮೇಡಂ. ಹಿಂದಿನ ಬೆಂಚಿನವರೂ ಕೇಳಿಸುತ್ತಿಲ್ಲ ಅನ್ನಲು ಶುರುಮಾಡಿದ್ದಾರೆ."

ಅವರಿಗೆ ಕೇಳಿಸುತ್ತಿದೆಯೇ ಎಂದು ನಾನು ಕೇಳಿದೆ. ಮೇಷ್ಟರು ಸ್ವಲ್ಪ ತಡೆದು, "ಮಳೆಯಲ್ಲಿ ಎಲ್ಲಿ ಕೇಳಿಸುತ್ತದೆ, ಬಿಡಿ" ಎಂದರು.