ಹಿಮದ ಕ್ಲೋಸ್‌ಅಪ್‌ನಲ್ಲಿ ನನಗೆ ಕಾಣುವ ಬಣ್ಣ ನೋಡುವವರಿಗೆ ಯಾಕೆ ಕಾಣುವುದಿಲ್ಲ?

ಒಣಗಿದ ಎಲೆ, ತೊಗಟೆ, ಹಿಮದ ಹರಳುಗಳ ಕ್ಲೋಸ್‌ಅಪ್‌ನಲ್ಲಿ ನಿಮಗೆ ತಿಳಿನೀಲಿ, ನಸುಗೆಂಪು ಕಾಣುತ್ತದೆ. ನೋಡಿದವರು ಮಾತ್ರ ‘ಇದು ಕಪ್ಪು-ಬಿಳುಪು ಫೋಟೋನಾ?’ ಅಂತಾರೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಲೇ ಅಂತ ಕೇಳಿದ್ದೀರಿ.

ಬೇಡ. ಆ ಸ್ಲೈಡರ್ ಎಳೆದರೆ ನೆರಳಿನ ಹಿಮವೆಲ್ಲ ಕಡುನೀಲಿಗೆ ತಿರುಗಿ, ನೀವು ತೋರಿಸಬೇಕೆಂದಿದ್ದ ಎಲೆನರದ ನಸುಗೆಂಪು ಅದರಲ್ಲಿ ಮುಳುಗಿಹೋಗುತ್ತದೆ. ನೀವು ಹೇಳಿದ್ದನ್ನು ನೋಡಿದರೆ ಬಣ್ಣ ಕಡಿಮೆ ಬಿದ್ದಂತಿಲ್ಲ, ಬಣ್ಣಕ್ಕೆ ಸಿಕ್ಕ ಜಾಗ ಕಡಿಮೆ. ನಮ್ಮ ಕಣ್ಣು ಬೆಳಕು-ನೆರಳಿನ ಸೂಕ್ಷ್ಮ ಗೆರೆಗಳನ್ನು ಹಿಡಿದಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮ ಗೆರೆಗಳನ್ನು ಹಿಡಿಯುವುದಿಲ್ಲ. ಜೆಪೆಗ್ ಫೈಲು ಇದನ್ನೇ ನೆಚ್ಚಿಕೊಂಡು, ಬಹಳ ಸಲ ಬಣ್ಣದ ಮಾಹಿತಿಯನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕಿಳಿಸಿ ಉಳಿಸುತ್ತದೆ. ಅಲ್ಲಿಗೆ, ಮೊಬೈಲ್ ಪರದೆಯಲ್ಲಿ ನೂಲಿನಷ್ಟು ತೆಳ್ಳಗಿನ ಕೆಂಪು ಗೆರೆ ಬೂದುಬಣ್ಣವಾಗಿ ಕಂಡರೆ ನೋಡಿದವರ ತಪ್ಪೇನಿಲ್ಲ. ಇನ್ನೂ ಹತ್ತಿರ ಹೋಗಿ, ಆ ಗೆರೆ ಪಟ್ಟಿಯಾಗಲಿ. ಇಲ್ಲವೇ ಅದೇ ಬಣ್ಣದ ಇನ್ನೊಂದು ಎಲೆ ಹಿಂದೆ ಫೋಕಸ್ ತಪ್ಪಿ ಮಸುಕಾಗಿ ಹರಡಲಿ. 1:1 ಮ್ಯಾಕ್ರೋದಲ್ಲಿ, ಅಂದರೆ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದಾಗ, ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಕ್ಕೆ ಲೆನ್ಸಿನ ಕಿಂಡಿ ಎಫ್/8 ಇದ್ದರೆ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚುಕಡಿಮೆ 1 ಮಿಲಿಮೀಟರ್. ಉಳಿದದ್ದೆಲ್ಲ ತಾನಾಗಿಯೇ ಬಣ್ಣದ ಮಸುಕು. ಅದನ್ನು ಬಳಸಿಕೊಳ್ಳಿ.

ಎರಡನೆಯದು ನೆರೆಹೊರೆ, ಅಂದರೆ ಪಕ್ಕದ ಬಣ್ಣ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಾಗ, ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥ, ರಸಾಯನಶಾಸ್ತ್ರಜ್ಞ ಶೆವ್ರಲ್ ಕಂಡುಕೊಂಡದ್ದು ತಪ್ಪು ಬಣ್ಣದಲ್ಲಿಲ್ಲ, ಪಕ್ಕದ ನೂಲಿನಲ್ಲಿದೆ ಅಂತ. 1839ರಲ್ಲಿ ಅದನ್ನು ಪುಸ್ತಕವಾಗಿಯೂ ಪ್ರಕಟಿಸಿದ. ಒಣಗಿದ ಓಕ್ ಎಲೆಯನ್ನೇ ತೆಗೆದುಕೊಳ್ಳಿ. ಅಂಚಿಗೆ ಹಿಮದ ಹರಳು ಮುಳ್ಳುಮುಳ್ಳಾಗಿ ನಿಂತಿರುತ್ತದೆ. ಹಿಂದೆ ಕಂದು ತರಗೆಲೆಗಳಿದ್ದರೆ ಎಲೆ ಬರೀ ಕಂದು. ಕ್ಯಾಮೆರಾ ತುಸು ಪಕ್ಕಕ್ಕೆ ಸರಿಸಿ, ಹಿಂದೆ ನೆರಳಿನ ನೀಲಿ ಹಿಮ ಬರುವಂತೆ ಮಾಡಿದರೆ ಅದೇ ಎಲೆ ಕಿತ್ತಳೆಯ ಹತ್ತಿರ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಏನೂ ಮುಟ್ಟಬೇಕಿಲ್ಲ.

ಆ ನೀಲಿ ಉಳಿಯಬೇಕಾದರೆ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಸರಿಹೊಂದಿಸುವುದು) ಬಳಸಬೇಡಿ, ಅದು ನೀಲಿಯನ್ನು ತಪ್ಪೆಂದುಕೊಂಡು ಒರೆಸಿಹಾಕಲು ನೋಡುತ್ತದೆ. ನೇರ ಬಿಸಿಲು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ನೀಲಿ), ನೀಲಿ ಆಕಾಶ ಮಾತ್ರ ಬೆಳಕು ಕೊಡುವ ನೆರಳು 7000–8000 ಅಥವಾ ಅದಕ್ಕೂ ಮೇಲೆ. ನಾನು ರಾ ಫೈಲಿನಲ್ಲಿ (ಕ್ಯಾಮೆರಾ ಇನ್ನೂ ಸಂಸ್ಕರಿಸದ ಮೂಲ ಫೈಲು) ತೆಗೆದು, ಆಮೇಲೆ ವೈಟ್ ಬ್ಯಾಲೆನ್ಸನ್ನು ಎರಡರ ನಡುವೆ, 6000–6500ರ ಆಸುಪಾಸು ಇಡುತ್ತೇನೆ. ಎಕ್ಸ್‌ಪೋಶರ್ (ಕ್ಯಾಮೆರಾ ಹಿಡಿಯುವ ಬೆಳಕು) ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು), ಇಲ್ಲದಿದ್ದರೆ ಬೆಳಕು ಅಳೆಯುವ ಮೀಟರು ಹಿಮವನ್ನು ಬೂದುಬಣ್ಣ ಮಾಡುತ್ತದೆ. ಅತಿಯಾದರೂ ಕಷ್ಟ: ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ತುದಿ ಮುಟ್ಟಿದಲ್ಲಿ ಛಾಯೆಯೇ ಇರುವುದಿಲ್ಲ.

ಕಲ್ಲುಹೂವು ತೆಗೆಯುವವರಾದರೆ ಹಿಮ ಕರಗಿ ಒದ್ದೆಯಾದಾಗ ಹೋಗಿ. ನೀರು ಹೀರಿದಾಗ ಅದರ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ.

ಇನ್ನು ನೋಡುವವರ ಅರ್ಥ. 2015ರಲ್ಲಿ ಜಗಳ ಹಚ್ಚಿದ ಆ ಉಡುಪಿನ ಫೋಟೋ ನೆನಪಿರಬಹುದು, ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ಅದರ ಮೇಲೆ ಬಿದ್ದ ಬೆಳಕು ಎಂಥದ್ದೆಂದು ಒಬ್ಬೊಬ್ಬರ ಮೆದುಳು ಒಂದೊಂದು ಊಹೆ ಮಾಡಿತ್ತು. ಕ್ಲೋಸ್‌ಅಪ್‌ನಲ್ಲಂತೂ ಆಕಾಶವಿಲ್ಲ, ನೆಲವಿಲ್ಲ, ಊಹೆಗೆ ಆಧಾರವೇ ಇಲ್ಲ. ಹಾಗಾಗಿ ಮೂಲೆಯಲ್ಲಿ ಬಿಸಿಲು ಬಿದ್ದ ಒಂದು ಚೂರು ಹಿಮ ಉಳಿಸಿಕೊಳ್ಳಿ. ನೀಲಿ ಎಂದರೆ ನೆರಳು, ಫಿಲ್ಟರ್ ಅಲ್ಲ ಅಂತ ಅದೇ ಹೇಳುತ್ತದೆ. ಆಮೇಲೂ ಒಬ್ಬರಿಗೆ ಅದು ದುಃಖ, ಇನ್ನೊಬ್ಬರಿಗೆ ವಿಮಾನದಿಂದ ಕಂಡ ನದಿ ಅನ್ನಿಸಿದರೆ ಅನ್ನಿಸಲಿ ಬಿಡಿ, ಶೀರ್ಷಿಕೆ ಕೊಟ್ಟು ತಿದ್ದಲು ಹೋಗಬೇಡಿ. ಆದರೆ ‘ಬಣ್ಣವೇ ಇಲ್ಲ’ ಅಂದವರಿಗೆ, ಮೊಬೈಲಿನಲ್ಲಿ ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಆನ್ ಇದೆಯಾ ಅಂತ ಮೊದಲು ಕೇಳಿ. ಪರದೆಯೇ ಹಳದಿಯಾಗಿದ್ದರೆ ನಿಮ್ಮ ತಿಳಿನೀಲಿ ಅಲ್ಲಿಗೆ ತಲುಪುವುದೇ ಇಲ್ಲ.